ಹಳಿಯ ಕೆಳಗಿನ ಕೋಣೆ

ನಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು ಎಂದು ಯಾರಾದರೂ ಕೇಳಿದರೆ ನಾನು ಆರು ಎನ್ನುತ್ತೇನೆ, ನನ್ನ ತಮ್ಮ ಐದು ಎನ್ನುತ್ತಾನೆ. ನಡುಮನೆ, ಅಡುಗೆಮನೆ, ದೇವರಮನೆ, ಕಾಳುಕಡ್ಡಿ ಇಡುತ್ತಿದ್ದ ಕತ್ತಲೆ ಕೋಣೆ, ಅಪ್ಪ ಮಲಗುತ್ತಿದ್ದ ಬೀದಿ ಬದಿಯ ಕೋಣೆ. ಅಲ್ಲಿಗೆ ಅವನ ಲೆಕ್ಕ ಮುಗಿಯುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಆರನೆಯ ಕೋಣೆ ಮನೆಯಿಂದ ಒಂದು ಕೂಗಳತೆ ದೂರದಲ್ಲಿ, ತೆಂಗಿನ ತೋಟದ ಅಂಚಿಗೆ, ತಿಪಟೂರಿಗೆ ಹೋಗುವ ರೈಲು ಹಳಿಯ ಕೆಳಗಿತ್ತು. ಊರಿನವರ ಬಾಯಲ್ಲಿ ಅದು ಕಲ್ಲುಮೋರಿ. ಸೈಜುಗಲ್ಲಿನ ಕಮಾನು, ಒಳಗೋಡೆಗೆ ಸೊಂಟದೆತ್ತರಕ್ಕೂ ಮೇಲೆ ಗಾರೆ ಮೆತ್ತಿದ್ದರು. ದೊಡ್ಡ ಹೆಂಗಸೊಬ್ಬಳು ನಡುಮಧ್ಯದಲ್ಲಿ ಮಾತ್ರ ನೆಟ್ಟಗೆ ನಿಲ್ಲಬಹುದು, ಎರಡು ಚಾಪೆ ಹಾಸುವಷ್ಟು ಅಗಲ. ಮಳೆಗಾಲದಲ್ಲಿ ನಾಲ್ಕಾರು ದಿನ ಹಳ್ಳದ ನೀರು ಹರಿಯುವುದು ಬಿಟ್ಟರೆ ವರ್ಷವೆಲ್ಲ ಒಣಗಿರುತ್ತಿತ್ತು. ನಮ್ಮ ಮನೆಯ ಹೆಂಗಸರು ತಿಂಗಳಿಗೆ ಮೂರು ಹಗಲು ಅಲ್ಲಿ ಕೂರುತ್ತಿದ್ದರು. ನನ್ನ ತಮ್ಮ ಒಂದು ಗಳಿಗೆಯೂ ಕೂತವನಲ್ಲ, ಆದ್ದರಿಂದ ಅವನಿಗೆ ಅದು ಮೋರಿ, ನನಗೆ ಕೋಣೆ.

ಮೋರಿಯ ಚರಿತ್ರೆಯನ್ನು ಅಜ್ಜಿ, ಅಂದರೆ ಅಪ್ಪನ ತಾಯಿ, ಮನೆದೇವರ ಮಹಿಮೆ ಹೇಳುವ ಗತ್ತಿನಲ್ಲಿ ಹೇಳುತ್ತಿದ್ದಳು. ರೈಲು ಹಳಿ ಬಂದಾಗ ನಮ್ಮ ತೋಟ ಎರಡು ಹೋಳಾಯಿತಂತೆ. ಅಜ್ಜಿಯ ಮಾವ ಹಳಿ ಹಾಕಿಸುವ ಸಾಹೇಬನ ಕುದುರೆಗೆ ಅಡ್ಡ ನಿಂತು, ಹಳ್ಳಕ್ಕೆ ದಾರಿ ಬಿಡದಿದ್ದರೆ ನನ್ನ ತೋಟ ಕೆರೆಯಾಗುತ್ತದೆ ಎಂದು ಜಗಳಕ್ಕೆ ಬಿದ್ದನಂತೆ. ಕಲ್ಲು ನಮ್ಮ ಹೊಲದ ಬಂಡೆಯದು, ಗಾರೆ ಅರೆಯುವ ಗಾಣ ತಿರುಗಿಸಿದ ಎತ್ತು ನಮ್ಮವು, ಗಾರೆಗೆ ಬೆರೆಸಿದ ಬೆಲ್ಲವೂ ನಮ್ಮ ಮನೆಯದೇ. ಕಲ್ಲುಕುಟಿಗರು ಮಣ್ಣನ್ನು ಗುಡ್ಡೆ ಹಾಕಿ, ಅದರ ಮೇಲೆ ಕಮಾನಿನ ಕಲ್ಲು ಒಂದೊಂದಾಗಿ ಜೋಡಿಸಿ, ನೆತ್ತಿಯ ಕಲ್ಲು ಕೂರಿಸಿದ ಮೇಲೆ ಕೆಳಗಿನ ಮಣ್ಣನ್ನು ತೋಡಿ ತೆಗೆದರಂತೆ. ಮಣ್ಣು ತೆಗೆದ ದಿನ ಅಜ್ಜಿಯ ಮಾವ ಕಮಾನಿನ ಕೆಳಗೆ ತಾನೇ ಹೋಗಿ ನಿಂತು, ಬಿದ್ದರೆ ನನ್ನ ತಲೆಯ ಮೇಲೆ ಬೀಳಲಿ ಎಂದನಂತೆ. ಇದರಲ್ಲಿ ನಿಜ ಎಷ್ಟೋ, ಅಜ್ಜಿ ಹಾಕಿದ ಉಪ್ಪುಖಾರ ಎಷ್ಟೋ ಗೊತ್ತಿಲ್ಲ. ಕಥೆ ಮುಗಿದ ಮೇಲೆ ಆಡುತ್ತಿದ್ದ ಮಾತು ಮಾತ್ರ ಚೆನ್ನಾಗಿ ನೆನಪಿದೆ.

“ಅದೂ ನಮ್ಮನೆ ಕ್ವಾಣೆನೇ ಕಣೇ. ನಮ್ಮಾವ ನಿಂತು ಕಟ್ಟಿಸಿದ್ದು. ಬ್ಯಾರೆ ಮನೆ ಹೆಂಗಸ್ರಿಗೆ ಇಂತಾ ಕಲ್ಲಿನ ಸೂರು ಎಲ್ಲೈತೆ?”

ಇಷ್ಟಕ್ಕೆಲ್ಲ ಕಾರಣ ನಮ್ಮ ಮನೆಯ ಅಟ್ಟ. ನಮ್ಮ ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಆತುರ ಮಾಡುವ ಹಾಗಿಲ್ಲ, ನಡುವೆ ಒಡೆದು ನೋಡುವ ಹಾಗಿಲ್ಲ. ಇಳಿಸುವ ದಿನದವರೆಗೆ ಒಳಗಿರುವುದು ಒಳ್ಳೆಯ ಕೊಬ್ಬರಿಯೋ ಕೆಟ್ಟು ನಾರುವ ಕೌಟೋ ಯಾರಿಗೂ ತಿಳಿಯದು. ತಿಳಿಯದ ಕಡೆಗೆಲ್ಲ ಮಡಿ ಮೈಲಿಗೆ ಬಂದು ಕೂರುವುದು ಸುಲಭ. ಹೊರಗಾದ ಹೆಂಗಸು ಅಟ್ಟದ ಕೆಳಗೆ ಉಸಿರಾಡಿದರೆ ಕಾಯಿ ಕೌಟಾಗುತ್ತದೆ ಎಂದು ಅಜ್ಜಿ ನಂಬಿದ್ದಳು. ಅಕ್ಕಪಕ್ಕದ ಮನೆಗಳಲ್ಲಿ ಈ ನಂಬಿಕೆ ಇರಲಿಲ್ಲ, ಅಲ್ಲಿ ಜಗಲಿಯ ಮೂಲೆಯೋ ಹಿತ್ತಿಲಿನ ಚಪ್ಪರವೋ ಸಾಕಾಗುತ್ತಿತ್ತು. ನಮ್ಮ ಅಟ್ಟವೋ ಐದೂ ಕೋಣೆಗಳ ನೆತ್ತಿಯ ಮೇಲೆ ಉದ್ದಕ್ಕೆ ಹಾಸಿಕೊಂಡು ಜಗಲಿಯವರೆಗೂ ಚಾಚಿತ್ತು. ಆ ಸೂರಿನ ಕೆಳಗೆ ಕಾಯಿಗೆ ಜಾಗವಿತ್ತು, ಹೆಂಗಸಿಗೆ ಇರಲಿಲ್ಲ. ರಾತ್ರಿ ಅಟ್ಟವಿಲ್ಲದ ಕೊಟ್ಟಿಗೆಯಲ್ಲಿ ಮಲಗಬಹುದು, ಹಗಲಿನಲ್ಲಿ ಬಂದುಹೋಗುವವರ ಕಣ್ಣಿಗೆ ಬೀಳದ ಹಾಗೆ ಮೋರಿಗೆ ಹೋಗಬೇಕು. ಅಜ್ಜಿಯೂ ತನ್ನ ಹರೆಯವನ್ನೆಲ್ಲ ಅಲ್ಲೇ ಕೂತು ಕಳೆದವಳು. ಕಷ್ಟಪಟ್ಟವರಿಗೆ ಕನಿಕರ ಹೆಚ್ಚು ಅನ್ನುತ್ತಾರಲ್ಲ, ಆ ಮಾತನ್ನು ನಾನು ನಂಬುವುದಿಲ್ಲ.

ಅವ್ವ ಚಿಕ್ಕನಾಯಕನಹಳ್ಳಿ ಕಡೆಯವಳು. ಅವಳ ತವರಿನಲ್ಲಿ ರಾಗಿ ಮತ್ತು ಕುರಿ, ತೆಂಗಿನ ಅಟ್ಟವನ್ನು ಅವಳು ಮದುವೆಯಾಗಿ ಬಂದ ಮೇಲೆಯೇ ನೋಡಿದ್ದು. ಆ ಮೂರು ದಿನ ಅವಳಿಗೆ ಊಟ ಒಯ್ಯುವ ಕೆಲಸ ನನ್ನದಾಗಿತ್ತು, ನಾನಿನ್ನೂ ಚಿಕ್ಕವಳಾದ್ದರಿಂದ. ಮುತ್ತುಗದ ಎಲೆ ಕಂಕುಳಲ್ಲಿ, ಮುದ್ದೆಯ ಬೋಗುಣಿ ಒಂದು ಕೈಯಲ್ಲಿ, ಸಾರಿನ ಚೊಂಬು ಇನ್ನೊಂದರಲ್ಲಿ. ಅವಳನ್ನು ಮುಟ್ಟಬಾರದು. ಎಲೆಯನ್ನು ದೂರದಿಂದ ಎಸೆದು, ಅವಳು ಹಾಸಿಕೊಂಡ ಮೇಲೆ ಮುದ್ದೆಯನ್ನು ಮೇಲಿನಿಂದ ಬಿಡಬೇಕು, ಸಾರನ್ನು ಎತ್ತರದಿಂದ ಸುರಿಯಬೇಕು. ಗುರಿ ತಪ್ಪಿ ಸಾರು ಅವಳ ಸೀರೆಗೆ ಚೆಲ್ಲಿದರೆ ಅವಳು ಬೈಯುತ್ತಿರಲಿಲ್ಲ, ನೆಲದ ಮೇಲೆ ಹರಿದದ್ದನ್ನು ಮಣ್ಣಿನಿಂದ ಮುಚ್ಚುತ್ತಿದ್ದಳು. ಊಟದ ನಡುವೆ ಗಾಡಿ ಬಂದರೆ ಕಮಾನೆಲ್ಲ ಗಡಗಡ ಅದುರಿ ಮೇಲಿನಿಂದ ಮಸಿ, ಮರಳು ಉದುರುತ್ತಿತ್ತು. ಆಗ ಅವ್ವ ಸೆರಗನ್ನು ಎಲೆಯ ಮೇಲೆ ಹರಡಿ, ಅದರ ಮೇಲೆ ತಾನೇ ಬಗ್ಗಿ ಕೂರುತ್ತಿದ್ದಳು. ಕೊನೆಯ ಡಬ್ಬಿ ದಾಟಿ ಸದ್ದು ಅಡಗುವವರೆಗೆ ಹಾಗೆಯೇ ಇರುತ್ತಿದ್ದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿ, ಕೂದಲಲ್ಲಿ ಮಸಿ ಇಟ್ಟುಕೊಂಡೇ ತಿನ್ನಲು ಶುರು ಮಾಡುತ್ತಿದ್ದಳು. ನಾಯಿಗೆ ಹಾಕಿದ ಹಾಗೆ ಹೆತ್ತವ್ವನಿಗೆ ಊಟ ಹಾಕುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ.

ಕೂತಿದ್ದಳೆಂದರೆ ಸುಮ್ಮನೆ ಕೂತಿದ್ದಳೆಂದಲ್ಲ. ಹಳಿಯ ಇಳಿಜಾರಿನಲ್ಲಿ ದನಕ್ಕೆ ಹುಲ್ಲು ಕೊಯ್ದು ಕಟ್ಟುಗಳನ್ನು ಮಾಡಿಡಬೇಕು. ಕೊಯ್ದ ಹುಲ್ಲಿಗೆ ಮೈಲಿಗೆ ಇರಲಿಲ್ಲ, ಅದನ್ನು ಅಪ್ಪ ಬಂದು ಹೊತ್ತೊಯ್ಯುತ್ತಿದ್ದ. ಅದಕ್ಕಾಗಿ ಅವಳ ಬಳಿ ಒಂದು ಕುಡುಗೋಲು ಇರುತ್ತಿತ್ತು. ಆ ಕುಡುಗೋಲಿನ ತುದಿಯಿಂದ ಅವ್ವ ಮೋರಿಯ ಗಾರೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಒಂದು ಹಗಲಿಗೆ ಒಂದು ಗೆರೆ, ಮೂರಾದ ಮೇಲೆ ಸ್ವಲ್ಪ ಜಾಗ ಬಿಟ್ಟು ಮತ್ತೆ ಮೂರು. ಅವಳ ಗೆರೆಗಳ ಮೇಲೆ ಇನ್ನೂ ಹಳೆಯ, ಅರ್ಧ ಮಾಸಿದ ಗೆರೆಗಳಿದ್ದವು. ಅವು ಅಜ್ಜಿಯವು ಇದ್ದಿರಬಹುದು, ಕೇಳುವ ಧೈರ್ಯ ನನಗೆ ಬರಲಿಲ್ಲ. ಯಾಕವ್ವ ಗೀಚುತ್ತೀ ಎಂದು ಅವ್ವನನ್ನು ಒಮ್ಮೆ ಕೇಳಿದ್ದೆ.

“ಮರೀಬಾರ್ದು ಅಂತ ಕಣೆ ಮಗ. ಯಾರೂ ಕೇಳಾಕಿಲ್ಲ ಬುಡು. ಆದ್ರೂ ಇರ್ಲಿ.”

ನಾನು ದೊಡ್ಡವಳಾದದ್ದು ಅವ್ವನೊಬ್ಬಳಿಗೇ ಗೊತ್ತಾಯಿತು. ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕಬೇಕು, ನೆಂಟರನ್ನು ಕರೆದು ಆರತಿ ಎತ್ತಬೇಕು, ಚಿಗಳಿ ತಂಬಿಟ್ಟು ಹಂಚಬೇಕು. ಅವ್ವ ನನ್ನನ್ನು ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ತನ್ನ ಹಳೆಯ ಸೀರೆಯೊಂದನ್ನು ಹರಿದು ಮಡಿಸಿ ಕೊಡುತ್ತಾ ಅವಳು ಹೇಳಿದ್ದು ಆರತಿಯ ಮಾತಲ್ಲ.

“ಯಾರಿಗೂ ಹೇಳ್ಬ್ಯಾಡ. ನಿಮ್ಮಜ್ಜಿಗಂತೂ ಸೊಲ್ಲೆತ್ಬ್ಯಾಡ. ನನ್ನ ಮಗಳು ಆ ಮೋರೀಲಿ ಕೂರಾಕಿಲ್ಲ. ಮೊನ್ನೆ ತಾನೆ ಕಾಯಿ ಅಟ್ಟಕ್ಕೆ ಹಾಕವ್ರೆ. ಅವು ಇಳಿಯೋಗಂಟ ನೀನು ಇದೇ ಅಟ್ಟದ ಕೆಳಗೆ ಉಣ್ಣು, ಇಲ್ಲೇ ಮಲಿಕ್ಕೊ. ಕಾಯಿ ಇಳಿದ ದಿನ ನಾನೇ ಎಲ್ಲಾರ ಮುಂದೆ ಹೇಳ್ತೀನಿ, ಇವಳು ವರ್ಷವೆಲ್ಲಾ ಇಲ್ಲೇ ಇದ್ಲು, ಏನಾಯ್ತು ನೋಡ್ರಿ ಅಂತ. ಅವತ್ತಿಗೆ ಈ ಮನೇಲಿ ಮೋರಿ ಋಣ ತೀರ್ತದೆ.”

ಅವ್ವ ತನ್ನ ಬದುಕಿನಲ್ಲಿ ಹೂಡಿದ ಒಂದೇ ಒಂದು ಹೂಟ ಇದು. ಅಕ್ಷರ ಬಾರದ ಹೆಂಗಸು ಇಷ್ಟು ನೇರವಾಗಿ ಯೋಚಿಸಿದ್ದಳಲ್ಲ ಎಂದು ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ವಾದ ಮಾಡಿದರೆ ಯಾರೂ ಕೇಳುವುದಿಲ್ಲವೆಂದು ತಿಳಿದು, ಕಾಯಿಯ ಬಾಯಲ್ಲೇ ಹೇಳಿಸಲು ಹೊರಟಿದ್ದಳು. ನನ್ನ ಬಟ್ಟೆಯನ್ನು ತನ್ನ ಬಟ್ಟೆಯ ಜೊತೆ ಸೇರಿಸಿ ತೋಟದ ಬಾವಿಯ ಹತ್ತಿರ ಒಗೆಯುತ್ತಿದ್ದಳು. ನನ್ನ ದಿನಗಳು ಬಂದಾಗ ಹೊಟ್ಟೆನೋವೆಂದು ನಾನು ಮುಖ ಕಿವುಚಿದರೆ, ಹುಣಸೆಕಾಯಿ ತಿಂದಿದ್ದಾಳೆ ಎಂದು ಅಜ್ಜಿಗೆ ಕೇಳುವ ಹಾಗೆ ಬೈಯುತ್ತಿದ್ದಳು. ನನಗೆ ಅವಳ ಧೈರ್ಯ ಇರಲಿಲ್ಲ. ನಡುಮನೆಯಲ್ಲಿ ಮಲಗಿ ಮೇಲೆ ನೋಡಿದರೆ ಅಟ್ಟದ ಬಿದಿರು ಗಳುವಿನ ಸಂದಿಯಲ್ಲಿ ಕಾಯಿಗಳು ಸಾಲಾಗಿ ಕೆಳಗೆ ಇಣುಕುತ್ತಿದ್ದವು. ಇಲಿ ಓಡಿದರೆ ಅವುಗಳಲ್ಲಿ ಒಂದೆರಡು ಉರುಳುತ್ತಿದ್ದವು. ನಾನು ಮೂಗು ಬಿಗಿಹಿಡಿದು, ಉಸಿರು ಮೇಲಕ್ಕೆ ಹೋಗದಿರಲೆಂದು ಮಗ್ಗುಲಾಗಿ, ಬಾಯನ್ನು ನೆಲದ ಕಡೆ ತಿರುಗಿಸಿ ಮಲಗುತ್ತಿದ್ದೆ. ಈಗಲೂ ನನಗೆ ಬೆನ್ನ ಮೇಲೆ ಮಲಗಿದರೆ ನಿದ್ದೆ ಬರುವುದಿಲ್ಲ. ಅವ್ವ ನನ್ನನ್ನು ಮೋರಿಯಿಂದ ಉಳಿಸಲು ಹೋಗಿ ಅಟ್ಟದ ಕೆಳಗೆ ಸಿಕ್ಕಿಸಿದ್ದಳು, ಹನ್ನೊಂದು ತಿಂಗಳು ನಾನು ಒಂದೇ ಸಮನೆ ಹೆದರುತ್ತಿದ್ದೆ.

ಕಾಯಿ ಇಳಿಸಿದ ದಿನ ಸುಲಿಯುವವರು ಅಂಗಳದಲ್ಲಿ ಸುಲಿಗೋಲು ನೆಟ್ಟು ಕೆಲಸ ಶುರುಮಾಡಿದರು. ಅಜ್ಜಿ ಮಣೆ ಹಾಕಿಕೊಂಡು ಕೂತಿದ್ದಳು. ಮೊದಲ ಚಿಪ್ಪು ಒಡೆದಾಗಲೇ ವಾಸನೆ ಬಂತು. ಎರಡನೆಯದು ಹಾಗೇ, ಹತ್ತನೆಯದು ಹಾಗೇ. ಬಿಳಿಯಾಗಿ ಬರಬೇಕಾದ ಉಂಡೆಗಳು ಕಪ್ಪಾಗಿ, ಬೂಸಲು ಹಿಡಿದು, ಮುಟ್ಟಿದರೆ ಅಂಟುತ್ತಿದ್ದವು. ಒಂದು ಮಗ್ಗುಲಿನ ರಾಶಿ ಪೂರ್ತಿ ಕೌಟು. ಅಪ್ಪ ಒಂದು ಚೂರನ್ನು ಎತ್ತಿ ಮೂಸಿ, ಎಸೆದು, ಪಂಚೆಗೆ ಕೈ ಒರೆಸಿಕೊಂಡು ಕಂಬಕ್ಕೆ ಒರಗಿ ನಿಂತ. ಸುಲಿಯುವವರು ಕೆಲಸ ನಿಲ್ಲಿಸಿದರು. ಅಜ್ಜಿ ಬೇರೆ ಯಾರನ್ನೂ ನೋಡದೆ ನೇರವಾಗಿ ಅವ್ವನನ್ನು ನೋಡಿದಳು.

“ಯಾವಳು ಕಣೇ ಹೊರಗಾದಾಗ ಅಟ್ಟದ ಕೆಳಗೆ ಬಂದಿದ್ದೋಳು?”

“ನಾನು ಬಂದಿಲ್ಲ ಕಣತ್ತೆ.”

“ಈ ಮನೇಲಿ ಯಾವ ಹೆಂಗಸೂ ಬಂದಿಲ್ಲ ಅಂತ ಅಟ್ಟದ ಏಣಿ ಮುಟ್ಟಿ ಆಣೆ ಇಡು.”

ಅಟ್ಟದ ಏಣಿ ಮುಟ್ಟಿ ಸುಳ್ಳು ಆಣೆ ಇಟ್ಟವರು ರಕ್ತ ಕಾರಿ ಸಾಯುತ್ತಾರೆ ಎಂದು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ತನ್ನ ಮಟ್ಟಿಗಾದರೆ ಅವ್ವ ನಿಜವಾಗಿಯೇ ಆಣೆ ಇಡಬಹುದಿತ್ತು. ಯಾವ ಹೆಂಗಸೂ ಎಂದರೆ ಅದರಲ್ಲಿ ನಾನೂ ಸೇರಿದ್ದೆ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿಯ ಕಡೆ ನಡೆದಳು. ಅವಳ ಮುಖದಲ್ಲಿ ಭಯ ಇರಲಿಲ್ಲ. ಕೈ ಚಾಚಿದಳು. ಬೆರಳಿಗೂ ಏಣಿಗೂ ಒಂದು ಗೇಣು ಅಂತರ ಇದ್ದಾಗ ನಾನು ಕಿರುಚಿದೆ.

“ನಾನಿದ್ದೆ ಅಜ್ಜಿ. ನಾನೇ ಇದ್ದೆ. ಅವ್ವ ಮುಟ್ಬ್ಯಾಡ ಕಣವ್ವ.”

ಅವ್ವನ ಕೈ ಅಲ್ಲೇ ನಿಂತಿತು. ಅವಳು ತಿರುಗಿ ನನ್ನನ್ನು ನೋಡಿದ ನೋಟವನ್ನು ನಾನು ಯಾರಿಗೂ ವಿವರಿಸಲಾರೆ, ವಿವರಿಸುವ ಆಸೆಯೂ ಇಲ್ಲ. ಅವಳು ಸಾಯಬಾರದೆಂದು ನಾನು ಹೇಳಿದ್ದೆ. ಅವಳ ಪಾಲಿಗೆ ಅದು ಸತ್ತದ್ದಕ್ಕಿಂತ ಕಡಿಮೆ ಏನೂ ಆಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಇದೆ. ಆವತ್ತು ಕದಿಯದ ನಾನು ಹೆಗಲು ಮುಟ್ಟಿಕೊಂಡೆ. ಕದ್ದವನು ಕಂಬಕ್ಕೆ ಒರಗಿಯೇ ನಿಂತಿದ್ದ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಜ್ಜಿ ಅವ್ವನ ಮೈಮೇಲೆ ಕೈ ಮಾಡಲಿಲ್ಲ, ಕೂಗಾಡಲೂ ಇಲ್ಲ. ವರ್ಷವಿಡೀ ಒಲೆ ಮುಟ್ಟಬೇಡ ಎಂದಳು, ಅಷ್ಟೇ. ಆ ವರ್ಷ ಅಡುಗೆಮನೆಯಲ್ಲಿ ಅಜ್ಜಿ ಬೇಯಿಸಿದಳು, ಅವ್ವ ಕೊಟ್ಟಿಗೆ ಬಾಗಿಲಲ್ಲಿ ಕೂತು ಹಾಕಿಸಿಕೊಂಡು ಉಂಡಳು. ತಾನು ದಿನವೂ ಮುದ್ದೆ ತೊಳಸುತ್ತಿದ್ದ ಮನೆಯಲ್ಲಿ ಅವಳು ಭಿಕ್ಷೆಯವಳ ಹಾಗೆ ಉಣ್ಣುವುದನ್ನು ನಾವೆಲ್ಲ ನೋಡಿದೆವು.

ಮಾರನೆಯ ತಿಂಗಳಿನಿಂದ ನಾನೂ ಮೋರಿಗೆ ಹೋದೆ. ಒಮ್ಮೊಮ್ಮೆ ನಮ್ಮಿಬ್ಬರ ದಿನಗಳೂ ಒಟ್ಟಿಗೆ ಬೀಳುತ್ತಿದ್ದವು, ಆಗ ಎರಡು ಗೋಣಿಚೀಲ ಹಾಸಿ ಎದುರುಬದುರು ಕೂರುತ್ತಿದ್ದೆವು. ಅವ್ವ ಬೇಕಾದಷ್ಟೇ ಮಾತಾಡುತ್ತಿದ್ದಳು. ನೀರು ಕುಡಿ, ಕಾಲು ಒಳಗೆ ಎಳ್ಕೊ, ಕೀಮ್ಯಾನ್ ಬತ್ತಾವ್ನೆ ತಲೆ ಬಗ್ಸು. ಹಳಿ ನೋಡಿಕೊಂಡು ಹೋಗುತ್ತಿದ್ದ ಆ ಕೀಮ್ಯಾನ್ ಮೋರಿಯ ಹತ್ತಿರ ಬಂದಾಗ ದೂರದಿಂದಲೇ ಕೆಮ್ಮಿ, ಮುಖ ಆಚೆ ತಿರುಗಿಸಿಕೊಂಡು ದಾಟುತ್ತಿದ್ದ. ನಮ್ಮ ಮನೆಯವರಿಗೆ ಇಲ್ಲದ ಸೂಕ್ಷ್ಮ ಅವನಿಗಿತ್ತು. ಶಾಲೆ ತಿಂಗಳಿಗೆ ಮೂರು ದಿನ ತಪ್ಪಿ, ಆಮೇಲೆ ಪೂರ್ತಿ ತಪ್ಪಿತು. ಮೊದಲ ದಿನವೇ ನಾನು ಹಳಿಯ ಜಲ್ಲಿಕಲ್ಲೊಂದನ್ನು ಆರಿಸಿ, ಅವ್ವನ ಗೆರೆಗಳ ಕೆಳಗೆ, ನೆಲಕ್ಕೆ ಹತ್ತಿರ, ನನ್ನದೂ ಒಂದು ಗೆರೆ ಎಳೆದೆ. ಅವ್ವ ನನ್ನ ಕೈಯಿಂದ ಕಲ್ಲು ಕಿತ್ತು ಎಸೆದು ಕೆನ್ನೆಗೆ ಹೊಡೆದಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ.

“ನೀನು ಗೀಚ್ಬ್ಯಾಡ.”

ನಾನು ಗೀಚಿದೆ. ಅವಳ ದಿನಗಳು ನನ್ನ ಜೊತೆ ಬೀಳದ ತಿಂಗಳುಗಳಲ್ಲಿ, ಹಟಕ್ಕೆ ಬಿದ್ದು, ಮೂರು ಮೂರಾಗಿ ಎಳೆಯುತ್ತಾ ಹೋದೆ. ಹೊಡೆದದ್ದಕ್ಕೆ ನಾನು ಕಟ್ಟಿಕೊಂಡ ಅರ್ಥ ಒಂದೇ, ಅವಳ ಪಕ್ಕದಲ್ಲಿ ನನ್ನ ಗೆರೆಗೂ ಜಾಗವಿಲ್ಲ, ಅವಳು ನನ್ನನ್ನು ಕ್ಷಮಿಸಿಲ್ಲ. ನನ್ನಿಂದಾಗಿ ಕಾಯಿ ಕೆಟ್ಟಿತು, ನನ್ನಿಂದಾಗಿ ಅವ್ವನಿಗೆ ಒಲೆ ತಪ್ಪಿತು. ಈ ಎರಡು ಮಾತುಗಳನ್ನು ಎದೆಯಲ್ಲಿಟ್ಟುಕೊಂಡೇ ನಾನು ಬೆಳೆದೆ. ಇವತ್ತಿಗೂ ಎಲ್ಲಾದರೂ ಏನಾದರೂ ಒಡೆದ ಸದ್ದಾದರೆ ನನ್ನದೇ ತಪ್ಪು ಎಂದು ಮೊದಲು ಎದ್ದು ನಿಲ್ಲುವವಳು ನಾನೇ. ನನ್ನ ಗಂಡ ಇದನ್ನು ಒಳ್ಳೆಯ ಗುಣ ಎಂದುಕೊಂಡಿದ್ದರು.

ಮದುವೆಯಾಗಿ ಮೊದಲ ಸಲ ಗಂಡನ ಜೊತೆ ತವರಿಗೆ ಬಂದಾಗ ಅಪ್ಪ ತುಂಬಾ ಖುಷಿಯಲ್ಲಿದ್ದ. ಮಧ್ಯಾಹ್ನ ನಡುಮನೆಯಲ್ಲಿ ಅಪ್ಪ ಮತ್ತು ಅಳಿಯ ಎಲೆಯ ಮುಂದೆ ಕೂತಿದ್ದರು, ಅವ್ವ ಬಡಿಸುತ್ತಿದ್ದಳು, ನಾನು ಹಪ್ಪಳದ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಜ್ಜಿಗೆ ಆ ಹೊತ್ತಿಗೆ ಕಿವಿ ಮಂದವಾಗಿ, ಮೂಲೆಯಲ್ಲಿ ತೂಕಡಿಸುತ್ತಿದ್ದಳು. ಕೊಬ್ಬರಿಯ ಮಾತು ಬಂತು. ಅಪ್ಪ ತಾನು ಮಾಡಿದ ತಮಾಷೆಯ ತಪ್ಪುಗಳನ್ನು ಒಂದೊಂದಾಗಿ ಹೇಳಿ ಅಳಿಯನನ್ನು ನಗಿಸುತ್ತಿದ್ದ.

“ಒಂದ್ವರ್ಷ ಏನಾಯ್ತು ಅಂತೀರಾ ಅಳಿಯಂದ್ರೆ, ಇವ್ರೆಲ್ಲ ನೆಂಟ್ರ ಮದ್ವೆಗೆ ಅಂತ ತುರುವೇಕೆರೆಗೆ ಮುಂಚೇನೆ ಹೋಗ್ಬುಟ್ಟಿದ್ರು. ಇತ್ತ ಒಂದು ಗಾಡಿ ಕಾಯಿ ಮಳೇಲಿ ತೊಯ್ದು ತೊಪ್ಪೆ ಆಗೋಯ್ತು. ಅಂಗಳದಾಗೆ ಹರಡಿ ಒಣಗ್ಸೋಕೆ ಪುರುಸೊತ್ತೆಲ್ಲೈತೆ, ನಂಗೆ ಧಾರೆಗೆ ಹೋಗೋ ಆತುರ. ಹಂಗೇ ಅಟ್ಟಕ್ಕೆ ಸುರಿಸ್ಬುಟ್ಟು ಓಡ್ದೆ. ಅಷ್ಟೂ ಕೌಟು ಕಣ್ರೀ. ಹೆಂಗಸ್ರು ಏನೇನೋ ಅಂದ್ಕಂಡ್ರು, ನಾನೂ ಸುಮ್ಕಾಗ್ಬುಟ್ಟೆ.”

ನನ್ನ ಗಂಡ ನಕ್ಕರು. ಅವರಿಗೇನು ಗೊತ್ತು. ಅವ್ವನ ಕೈಯಲ್ಲಿ ಸಾರಿನ ಸೌಟು ಇತ್ತು. ಅದು ಅಪ್ಪನ ಎಲೆಯ ಮೇಲೆ ಗಾಳಿಯಲ್ಲಿ ನಿಂತಿತು. ನಾನು ಕಾದೆ. ಅವ್ವ ಸೌಟನ್ನು ಅವನ ಮುಖಕ್ಕೆ ಎಸೆಯುತ್ತಾಳೆ ಎಂದು, ಅಜ್ಜಿಯನ್ನು ಅಲ್ಲಾಡಿಸಿ ಎಬ್ಬಿಸುತ್ತಾಳೆ ಎಂದು, ಕಡೆಗೆ ನನ್ನ ಕಡೆ ತಿರುಗಿ ಒಂದು ಮಾತಾಡುತ್ತಾಳೆ ಎಂದು. ಸೌಟು ಬಗ್ಗಿತು, ಸಾರು ಅನ್ನದ ಮೇಲೆ ಬಿತ್ತು, ಇನ್ನೂ ಬೇಕಾ ಎಂದು ಅವ್ವ ಕೇಳಿದಳು. ಅಪ್ಪ ಸಾಕು ಎಂದ. ನಮ್ಮ ಅಪ್ಪ ಕೆಟ್ಟವನಲ್ಲ ಎಂದು ಊರೆಲ್ಲ ಹೇಳುತ್ತದೆ. ಕುಡಿಯಲಿಲ್ಲ, ಹೆಂಡತಿಯನ್ನು ಹೊಡೆಯಲಿಲ್ಲ, ಯಾರ ಮನೆಯನ್ನೂ ಮುರಿಯಲಿಲ್ಲ. ತಾನು ಬಾಯಿ ಬಿಟ್ಟರೆ ತನ್ನ ತಾಯಿಯಿಂದ ಒಂದು ಬೈಗುಳ ಕೇಳಬೇಕಾಗುತ್ತಿತ್ತು, ಅದನ್ನು ತಪ್ಪಿಸಿಕೊಳ್ಳಲು ಹೆಂಡತಿಗೆ ಒಲೆ ತಪ್ಪಿದ್ದನ್ನೂ ಮಗಳಿಗೆ ಶಾಲೆ ತಪ್ಪಿದ್ದನ್ನೂ ಕಂಬಕ್ಕೆ ಒರಗಿ ನೋಡಿದ. ಆಮೇಲೆ ಅದನ್ನು ಊಟಕ್ಕೆ ಕೂತಾಗ ಹೇಳುವ ತಮಾಷೆ ಮಾಡಿಕೊಂಡ. ಅವನು ತೀರಿಕೊಂಡಾಗ ನಾನು ಅಳಲಿಲ್ಲ, ಈಗಲೂ ಅದಕ್ಕೆ ನನಗೆ ನಾಚಿಕೆ ಇಲ್ಲ.

ಮಾರನೆಯ ದಿನ ಬೆಳಿಗ್ಗೆ ಅವ್ವ ಹುಲ್ಲಿಗೆಂದು ಕುಡುಗೋಲು ತೆಗೆದುಕೊಂಡು ಹೋದಳು. ಆ ವಯಸ್ಸಿಗೆ ಅವಳ ಮುಟ್ಟು ನಿಂತಿತ್ತು, ಹಳಿಯ ಕಡೆ ಹೋಗಬೇಕಾದ ಅಗತ್ಯವೇನೂ ಇರಲಿಲ್ಲ, ಹಿತ್ತಿಲಿನಲ್ಲೇ ಹುಲ್ಲು ಬೇಕಾದಷ್ಟಿತ್ತು. ಬಿಸಿಲೇರಿದ ಮೇಲೆ ಬಂದಾಗ ಅವಳ ಕೈಯಲ್ಲಿದ್ದದ್ದು ಹಿಡಿ ಹುಲ್ಲು. ಮುಂಗೈಯಿಂದ ಮೊಣಕೈವರೆಗೆ ಬಿಳಿ ಧೂಳು. ಕುಡುಗೋಲಿನ ಬಾಯಿ ಮಡಚಿ, ಹಲ್ಲು ಹಲ್ಲಾಗಿ ಹೋಗಿತ್ತು. ಅಜ್ಜಿಗೆ ಕಿವಿ ಹೋಗಿದ್ದರೂ ಕಣ್ಣು ಚುರುಕಾಗಿತ್ತು.

“ಕುಡ್ಲು ಯಾಕೇ ಹಿಂಗಾಗೈತೆ? ಹುಲ್ಲು ಕೊಯ್ದೋ ಕಲ್ಲು ಕೊಯ್ದೋ?”

ಅವ್ವ ಕಲ್ಲಿಗೆ ತಾಕ್ತು ಅತ್ತೆ ಎಂದಷ್ಟೇ ಹೇಳಿ ಕೈ ತೊಳೆಯಲು ಹೋದಳು. ನಾನು ಅದನ್ನು ನೋಡಿದೆ, ಮರೆತೆ. ನನ್ನ ತಲೆಯಲ್ಲಿ ಅಪ್ಪನ ನಗು ಮಾತ್ರ ಇತ್ತು. ಅದಾದ ಮೇಲೂ ಅವ್ವ ಬಹಳ ವರ್ಷ ಬದುಕಿದ್ದಳು. ನನ್ನ ಹೆರಿಗೆಗಳನ್ನು ಮಾಡಿಸಿದಳು, ತಿಪಟೂರಿನ ನಮ್ಮ ಮನೆಗೆ ಬಂದು ತಿಂಗಳುಗಟ್ಟಲೆ ಇದ್ದಳು, ಒಂದೇ ಒಲೆಯ ಮುಂದೆ ಕೂತು ಇಬ್ಬರೂ ರೊಟ್ಟಿ ತಟ್ಟಿದೆವು. ಆ ಅಂಗಳದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಕೊನೆಯ ಸಲ ಮಲಗಿದಾಗ, ಅವ್ವ ನಂದು ತಪ್ಪಾಯ್ತು ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳಿಗೆ ಪ್ರಜ್ಞೆ ಇರಲಿಲ್ಲ. ತಪ್ಪು ನನ್ನದಲ್ಲವೆಂದು ಗೊತ್ತಾದ ಮೇಲೂ ನನ್ನ ಬಾಯಲ್ಲಿ ಬಂದದ್ದು ಅದೇ ಮಾತು.

ಮೊನ್ನೆ ತಮ್ಮ ಫೋನ್ ಮಾಡಿ, ಹಳಿ ಪಕ್ಕ ಏನೋ ಕೆಲಸ ನಡೀತಿದೆ, ಮೋರಿ ಒಡೀತಾರಂತೆ ಎಂದ. ನಾನು ಮಾರನೆಯ ದಿನವೇ ಆಟೋ ಮಾಡಿಕೊಂಡು ಹೋದೆ. ಇದನ್ನು ಮುಚ್ಚಿಡುವುದಿಲ್ಲ, ಅದು ಬೀಳುವುದನ್ನು ಕಣ್ಣಾರೆ ನೋಡಬೇಕೆಂದೇ ಹೋದೆ. ನಮ್ಮ ಹಳೆಯ ಮನೆ ಬಿದ್ದು ಆ ಜಾಗದಲ್ಲಿ ತಮ್ಮ ಆರ್‌ಸಿಸಿ ಮನೆ ಕಟ್ಟಿದ್ದಾನೆ, ಕಾಯಿಗೆ ಬೇರೆ ಶೆಡ್ ಇದೆ, ಅಟ್ಟವಿಲ್ಲ. ಮೋರಿ ಮಾತ್ರ ಇದ್ದ ಹಾಗೇ ಇತ್ತು. ಬಾಯಿಗೆ ಲಂಟಾನ ಬೆಳೆದು, ಒಳಗೆ ಅರ್ಧ ಮೊಣಕಾಲು ಹೂಳು ತುಂಬಿತ್ತು. ಕೂಲಿಯವರು ಹೂಳು ತೆಗೆಯುತ್ತಿದ್ದರು. ಒಳಗೆ ಟಾರ್ಚು ಹಿಡಿದು, ಸಣ್ಣ ಸುತ್ತಿಗೆಯಿಂದ ಒಂದೊಂದು ಕಲ್ಲನ್ನೂ ತಟ್ಟಿ ಕಿವಿಗೊಡುತ್ತಿದ್ದವಳು ರೈಲ್ವೆಯ ಇಂಜಿನಿಯರ್, ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ತಿಂಗಳ ಮೂವತ್ತು ದಿನದಲ್ಲಿ ಯಾವ ದಿನವಾದರೂ ಅವಳು ಇಲ್ಲಿಗೆ ಬರಬಹುದು, ಬಂದಷ್ಟೇ ಸಲೀಸಾಗಿ ಹೋಗಬಹುದು. ನನಗೆ ಖುಷಿಯಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಯಾವಾಗ ಒಡೀತೀರಮ್ಮ ಎಂದು ಕೇಳಿದೆ.

“ಒಡೆಯಲ್ಲ ಅಮ್ಮ. ಅದು ಯಾರೋ ಸುಮ್ಮನೆ ಹೇಳಿದಾರೆ. ಒಂದು ಕಲ್ಲೂ ಸಡಿಲ ಆಗಿಲ್ಲ, ಕಮಾನು ಒಂದು ಕೂದಲೆಳೆಯಷ್ಟೂ ಇಳಿದಿಲ್ಲ. ಒಳಗೆ ಹೊಸ ಗಾರೆ ಬಳಿದರೆ ಇನ್ನೂ ನೂರು ವರ್ಷ ನಿಲ್ಲುತ್ತೆ. ಕಟ್ಟಿಸಿದೋರು ಪುಣ್ಯಾತ್ಮರು.”

ಅಜ್ಜಿ ಬದುಕಿದ್ದು ಇದನ್ನು ಕೇಳಬೇಕಿತ್ತು. ಹುಡುಗಿ ಟಾರ್ಚನ್ನು ಗೋಡೆಗೆ ಹಿಡಿದು, ಇಲ್ನೋಡಿ, ಕಟ್ಟಿದವರು ದಿನದ ಲೆಕ್ಕ ಹಾಕಿಕೊಂಡಿರಬೇಕು ಎಂದಳು. ಮೂರು ಮೂರು ಗೆರೆ, ಸಾಲು ಸಾಲಾಗಿ, ಮಸಿ ಹಿಡಿದು ಕಪ್ಪಾಗಿ ನಿಂತಿದ್ದವು. ಅವ್ವನವು. ನಾನು ಸುಮ್ಮನೆ ತಲೆಯಾಡಿಸಿದೆ. ಆಮೇಲೆ ಅವಳು ಟಾರ್ಚನ್ನು ಕೆಳಗಿಳಿಸಿ, ಆಗಷ್ಟೇ ಹೂಳು ತೆಗೆದ ಕಡೆ ನೆಲದ ಹತ್ತಿರ ಬಿಟ್ಟಳು.

“ಪೂರ್ತಿ ಮೋರಿಯಲ್ಲಿ ಕೆಟ್ಟಿರೋದು ಇದೊಂದೇ ಜಾಗ. ತಾನಾಗಿ ಉದುರಿದ್ದಲ್ಲ, ಯಾರೋ ಕೂತು ಹಟಕ್ಕೆ ಕೆರೆದಿದಾರೆ. ಕಲ್ಲಿನವರೆಗೂ ಕೆರೆದಿದಾರೆ ನೋಡಿ.”

ನಾನು ಬಗ್ಗಿ ನೋಡಿದೆ. ನನ್ನ ಗೋಣಿಚೀಲ ಹಾಸುತ್ತಿದ್ದ ಜಾಗ ಅದು. ನನ್ನ ಗೆರೆಗಳು ಇರಬೇಕಾದ ಕಡೆ ಎರಡು ಮೊಳದುದ್ದಕ್ಕೆ ಗಾರೆಯೇ ಇರಲಿಲ್ಲ, ಬರಿಯ ಕಲ್ಲು. ಕಲ್ಲಿನ ಮೇಲೆ ಕಬ್ಬಿಣದ ಬಾಯಿ ಜಾರಿದ ಗುರುತುಗಳು. ನನ್ನ ಒಂದು ಗೆರೆಯೂ ಉಳಿದಿರಲಿಲ್ಲ. ಮೇಲೆ ಅವ್ವನ ಗೆರೆಗಳಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಮೊಣಕೈವರೆಗಿನ ಬಿಳಿ ಧೂಳು, ಹಲ್ಲು ಹಲ್ಲಾದ ಕುಡುಗೋಲು ಆಗ ನೆನಪಾದವು. ಅಪ್ಪ ನಕ್ಕ ಮಾರನೆಯ ದಿನ ಅವಳು ಇಲ್ಲಿ ಬಂದು ಕೂತಿದ್ದಳು. ಗಂಡನಿಗೂ ಅತ್ತೆಗೂ ಹೇಳಲಾಗದ್ದನ್ನು ಈ ಗೋಡೆಗೆ ಹೇಳಿದಳು, ಸರಿ. ನನಗೆ ಯಾಕೆ ಹೇಳಲಿಲ್ಲ? ಒಂದು ಮಾತು, ನಿನ್ನ ತಪ್ಪಲ್ಲ ಕಣೆ ಮಗ ಎಂಬ ಒಂದು ಮಾತು ಒಲೆಯ ಮುಂದೆ ಕೂತಾಗ ಹೇಳಿದ್ದರೆ ನನ್ನ ಬದುಕು ಬೇರೆಯಾಗುತ್ತಿತ್ತು. ನನಗೆ ಅವಳ ಮೇಲೆ ಕರುಳು ಕಿತ್ತು ಬಂತು, ಸಿಟ್ಟೂ ಬಂತು, ಯಾವುದು ಹೆಚ್ಚು ಎಂದು ಇವತ್ತಿಗೂ ಹೇಳಲಾರೆ.

“ಯಾರು ಕೆರೆದಿರಬಹುದು ಅಮ್ಮ? ಈ ಊರಿನೋರಾ ನೀವು?”

“ನಮ್ಮವ್ವ ಕೆರೆದದ್ದು ಕಣಮ್ಮ.”

“ಯಾಕೆ?”

“ನನ್ನ ಮಗಳು ಇಲ್ಲಿ ಕೂತಿರ್ಲಿಲ್ಲ ಅಂತ.”

ಅವಳಿಗೆ ಅರ್ಥವಾಗಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಅದೊಂದು ಜಾಗ ಹಂಗೇ ಇರ್ಲಿ ಬುಡು ತಾಯಿ, ಗಾರೆ ಬಳಿಸಬೇಡ ಎಂದು ನಾನು ಕೇಳಿಕೊಂಡೆ. ಜೀವನದಲ್ಲಿ ಆ ಮೋರಿಯ ಪರವಾಗಿ ನಾನು ಆಡಿದ ಒಂದೇ ಮಾತು.

“ಆಗಲ್ಲ ಅಮ್ಮ. ಬಿಟ್ಟರೆ ಅಲ್ಲಿಂದಲೇ ನೀರು ಇಳಿಯುತ್ತೆ. ಅದನ್ನೇ ಮೊದಲು ಬಳಿಸಬೇಕು.”

ಬರುವ ವಾರ ಬಳಿಯುತ್ತಾರಂತೆ, ಅವ್ವನ ಗೆರೆಗಳ ಮೇಲೂ, ಅವಳು ಕೆರೆದ ಜಾಗದ ಮೇಲೂ. ಮೋರಿ ಇನ್ನೂ ನೂರು ವರ್ಷ ನಿಲ್ಲುತ್ತದಂತೆ.